ಸಿದ್ದಮ್ಮ ಬಿಟ್ಟ ಕಂಡಿ

ಗದ್ದೆಯ ಅಂಚಿನಲ್ಲಿ ಕಂಡಿ ಬಿದ್ದು ನೀರು ಹೊರಗೆ ಹರಿಯುತ್ತಿರುವುದು ಕಣ್ಣಿಗೆ ಬಿದ್ದರೆ, ದಾರಿಯಲ್ಲಿ ಹೋಗುವವರು ಯಾರೇ ಆಗಿರಲಿ, ನಿಂತು, ಒಂದು ಹೆಂಟೆ ಮಣ್ಣು ಎತ್ತಿ ಹಾಕಿ, ಕಾಲಲ್ಲಿ ಮೆಟ್ಟಿ ಮುಂದೆ ಹೋಗುವುದು ಜಾವಳಿ ಕಡೆಯ ರೂಢಿ. ಗದ್ದೆ ಯಾರದೆಂದು ಯಾರೂ ನೋಡುವುದಿಲ್ಲ. ಮಾತು ಬಿಟ್ಟವರ ಗದ್ದೆಯಾದರೂ ಮುಚ್ಚುತ್ತಾರೆ. ಮದುವೆಗೆ ಹೊರಟವರು ಹೊಸ ಪಂಚೆಯನ್ನು ಮೊಣಕಾಲಿನ ಮೇಲೆ ಎತ್ತಿಕೊಂಡು ಮುಚ್ಚಿ, ಕಾಲು ತೊಳೆದುಕೊಂಡು ಮದುವೆಗೆ ಹೋಗುತ್ತಾರೆ. ಮಾಡಿದವರು ಅದನ್ನು ಉಪಕಾರವೆಂದು ಹೇಳಿಕೊಂಡು ತಿರುಗುವುದಿಲ್ಲ, ಮಾಡಿಸಿಕೊಂಡವರು ನೆನೆಸಿಕೊಳ್ಳುವುದೂ ಇಲ್ಲ. ಇಂಥ ಒಳ್ಳೆಯ ಜನರ ನಡುವೆ ಬೇಸಾಯ ಮಾಡುವುದು ಎಂಥ ಪೀಕಲಾಟ ಎನ್ನುವುದು ಸಿದ್ದಮ್ಮನಿಗೆ ಗೊತ್ತಾದದ್ದು ಎಪ್ಪತ್ತೊಂಬತ್ತನೇ ಇಸವಿಯ ಹುಬ್ಬೆ ಮಳೆಯಲ್ಲಿ.

ಸಿದ್ದಮ್ಮ ಮತ್ತು ಅವಳ ಗಂಡ ನಿಂಗಯ್ಯ ಹದಿನೆಂಟು ವರ್ಷ ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ ಬದುಕಿದವರು. ಲೈನೆಂದರೆ ಒಂದೇ ಸೂರಿನಡಿ ಸಾಲಾಗಿ ಹತ್ತು ಕೋಣೆ. ಒಂದು ಮನೆಯ ಒಗ್ಗರಣೆಗೆ ಹತ್ತು ಮನೆಯವರು ಸೀನುವ ಜಾಗ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ನಿಂಗಯ್ಯ ಗೇಣಿಗೆ ಮಾಡುತ್ತಿದ್ದ ಒಂದು ಎಕರೆ ಗದ್ದೆ, ಉಳುವವನೇ ಒಡೆಯ ಎನ್ನುವ ಕಾನೂನು ಬಂದು ಡಿಕ್ಲರೇಶನ್ ಹಾಕಿದ ಮೇಲೆ ಅವನ ಹೆಸರಿಗೇ ಆಯಿತು. ಅದೇ ವಾರ ಸಿದ್ದಮ್ಮ ಪಾತ್ರೆಪಗಡಿ ಹೊತ್ತು ಲೈನು ಬಿಟ್ಟಳು. ಗದ್ದೆಯ ಮೇಲಿನ ದಿಬ್ಬದಲ್ಲಿ ಒಂದು ಹುಲ್ಲಿನ ಮನೆ ಎದ್ದಿತು. ಇನ್ನು ಸಾಯುವ ತನಕ ಗಂಟೆ ಕೇಳಿ ಏಳುವುದಿಲ್ಲ ಎಂದು ಅವಳು ಲೈನಿನವರಿಗೆಲ್ಲ ಕೇಳುವಂತೆ ಹೇಳಿ ಬಂದಿದ್ದಳು.

ಆಮೇಲೆ ಎರಡು ವರ್ಷ ಗದ್ದೆ ಅವಳ ಮಾನ ಕಳೆಯಿತು. ಬೇರೆಯವರ ಎಕರೆಗೆ ಹದಿನೈದು ಹದಿನಾರು ಮೂಟೆ ಭತ್ತ ಬಂದರೆ ಇವರದ್ದಕ್ಕೆ ಐದು, ಅದರಲ್ಲಿ ಅರ್ಧ ಜೊಳ್ಳು. ಗುಡ್ಡದ ಬುಡದಲ್ಲಿ ಒರತೆಯಿತ್ತು. ಅದರ ನೀರು ಮೇಲಿನ ಕಂಡಿಯಿಂದ ಒಳಗೆ ಬಂದು ಗದ್ದೆಯಲ್ಲೇ ಕೂತುಬಿಡುತ್ತಿತ್ತು. ಕಾಲಿಟ್ಟರೆ ಮೂಳೆಗೆ ಹತ್ತುವಷ್ಟು ತಣ್ಣಗೆ. ನೀರಿನ ಮೇಲೆ ಎಣ್ಣೆ ಬಿದ್ದಂತೆ ಕೆಂಪು ಪೊರೆ. ನಾಟಿ ಮಾಡಿದ ಸಸಿ ನಾಟಿ ಮಾಡಿದಷ್ಟೇ ಇರುತ್ತಿತ್ತು. ತೆಂಡೆ ಒಡೆಯಬೇಕು, ಬುಡದಿಂದ ಹತ್ತು ಕವಲು ಏಳಬೇಕು ಎನ್ನುವ ನೆನಪೇ ಅದಕ್ಕೆ ಇದ್ದಂತಿರಲಿಲ್ಲ.

ಸಲಹೆಗೇನೂ ಬರ ಇರಲಿಲ್ಲ. ಬಯಲುಸೀಮೆಯ ಕಡೂರು ಕಡೆಯಿಂದ ವರ್ಗವಾಗಿ ಬಂದ ಗ್ರಾಮಸೇವಕ ಮಲ್ಲಿಕಾರ್ಜುನಪ್ಪ, ಯೂರಿಯಾ ಕೊಡಿ ಎಂದ. ಕೊಟ್ಟರು, ಹುಲ್ಲು ಬೆಳೆಯಿತು. ಇಷ್ಟು ನೀರಿರುವ ಗದ್ದೆ ನಮ್ಮೂರಲ್ಲಿ ಇದ್ದಿದ್ದರೆ ದಿನಾ ಪೂಜೆ ಮಾಡುತ್ತಿದ್ದೆವು ಎಂದು ಬೇರೆ ಹೇಳಿ ಹೋದ. ಕೆಳಗಿನ ಗದ್ದೆಯ ಬೊಮ್ಮಯ್ಯ ಅರವತ್ತು ದಾಟಿದವನು, ಈ ಬಯಲಿನಲ್ಲಿ ಬೇಸಾಯದ ಮಾತು ಬಂದರೆ ಅವನದೇ ಕೊನೆಯ ಮಾತು. ನೀರು ಸಾಲದು, ಅಂಚು ಎತ್ತರಿಸಿ ಎಂದ. ಎತ್ತರಿಸಿದರು. ನಿಂಗಯ್ಯನದು ಯಾರು ಏನು ಹೇಳಿದರೂ ಹೂಂ ಎನ್ನುವ ಸ್ವಭಾವ. ಅವನ ಬಾಯಿಂದ ಇಲ್ಲ ಎನ್ನುವ ಮಾತನ್ನು ಸಿದ್ದಮ್ಮ ಇಪ್ಪತ್ತು ವರ್ಷದ ಸಂಸಾರದಲ್ಲಿ ಕೇಳಿರಲಿಲ್ಲ.

ಹಾಗಾಗಿಯೇ ಎಸ್ಟೇಟಿನ ಮೇಸ್ತ್ರಿ ಚೌಡಯ್ಯ ಬಂದು ಲೈನಿನಲ್ಲಿ ಒಂದು ಕೋಣೆ ಖಾಲಿ ಇದೆ, ನಿನ್ನ ಹಾಗೆ ಮರ ಹತ್ತಿ ಕೊಂಬೆ ಸವರುವವರು ಸಿಗುತ್ತಿಲ್ಲ, ವಾಪಸು ಬಾ ಎಂದಾಗ ಅವನು ಹೂಂ ಎಂದಿದ್ದ. ಸಿದ್ದಮ್ಮ ಅಡ್ಡ ಬಾಯಿ ಹಾಕಿ, ದೀಪಾವಳಿ ಕಳೆದ ಮೇಲೆ ಹೇಳುತ್ತೇವೆ, ಈ ಸಲದ ಪೈರು ನೋಡಬೇಕು ಎಂದು ಹೇಳಿ ಕಳಿಸಿದಳು. ಚೌಡಯ್ಯ ಕೆಟ್ಟವನಲ್ಲ. ಕಾಫಿ ಹಣ್ಣು ಕುಯ್ಲು ಶುರುವಾಗುವ ಹೊತ್ತಿಗೆ ಬಂದು ಕೇಳುತ್ತೇನೆ, ಅಲ್ಲಿಯ ತನಕ ಕೋಣೆ ಯಾರಿಗೂ ಕೊಡುವುದಿಲ್ಲ ಎಂದ. ಈ ಸಲವೂ ಗದ್ದೆ ಕೈಕೊಟ್ಟರೆ ಲೈನೇ ಗತಿ ಎಂದು ನಿಂಗಯ್ಯ ಹೇಳಿದಾಗ ಸಿದ್ದಮ್ಮನೂ ಒಪ್ಪಬೇಕಾಯಿತು.

ಆ ವರ್ಷ ಪುಷ್ಯ ಮಳೆಯಲ್ಲಿ ನಾಟಿ ಆಯಿತು. ಒಂದು ತಿಂಗಳಾದರೂ ಪೈರು ಹಳದಿ ತಿರುಗಿ ಮುದುಡಿಕೊಂಡೇ ಇತ್ತು. ಸಿದ್ದಮ್ಮ ದಿನಾ ಬೆಳಿಗ್ಗೆ ಅಂಚಿನ ಮೇಲೆ ನಿಂತು ಅದನ್ನು ಬೈಯುತ್ತಿದ್ದಳು. ಹಾಗೆ ಬೈಯುತ್ತಾ ನಿಂತಿದ್ದಾಗಲೇ ಒಂದು ದಿನ ಅವಳ ಕಣ್ಣಿಗೆ ಬಿತ್ತು: ಕೆಳಗಿನ ಮೂಲೆಯಲ್ಲಿ, ಅಂಚಿಗೆ ಅಂಟಿಕೊಂಡು, ಏಳೆಂಟು ಬುಡ ಮಾತ್ರ ದಟ್ಟ ಹಸಿರಾಗಿ ಎದ್ದಿದ್ದವು. ಅಲ್ಲೊಂದು ಏಡಿ ಬಿಲ. ನಿಂಗಯ್ಯ ದಿನಾ ಅದನ್ನು ಮುಚ್ಚುತ್ತಿದ್ದ, ಏಡಿ ದಿನಾ ಕೊರೆಯುತ್ತಿತ್ತು. ಬಿಲದ ಸುತ್ತ ಎರಡು ಮೊಳದಷ್ಟು ಜಾಗದಲ್ಲಿ ನೀರು ನಿಲ್ಲುತ್ತಿರಲಿಲ್ಲ.

ಸಿದ್ದಮ್ಮ ನಡು ಗದ್ದೆಗೆ ಇಳಿದು ಒಂದು ಬುಡ ಕಿತ್ತಳು. ಎರಡು ಬೆರಳಿಗೆ ಬಂತು. ಬೇರು ಕಪ್ಪಗಿತ್ತು, ಮುಟ್ಟಿದರೆ ಲೋಳೆ, ಮೂಗಿನ ಹತ್ತಿರ ಹಿಡಿದರೆ ಕೊಳೆತ ಮೊಟ್ಟೆಯ ನಾತ. ಆಮೇಲೆ ಬಿಲದ ಹತ್ತಿರದ ಬುಡ ಕೀಳಲು ಹೋದಳು. ಎರಡೂ ಕೈ ಹಾಕಿ ಎಳೆಯಬೇಕಾಯಿತು. ಅದರ ಬೇರು ಬೆಳ್ಳಗೆ, ಗೇಣುದ್ದ, ಮಣ್ಣನ್ನು ಕಚ್ಚಿ ಹಿಡಿದಿತ್ತು. ಎರಡನ್ನೂ ಒಯ್ದು ಗಂಡನ ಮುಂದೆ ಹಿಡಿದಳು.

"ನೋಡಿ ಇಲ್ಲಿ. ನಮ್ಮ ಪೈರಿಗೆ ನೀರು ಸಾಲ್ದೇ ಇರೋದಲ್ಲ, ಉಸಿರು ಕಟ್ತಾ ಇರೋದು. ಬೇರಿಗೆ ಗಾಳಿ ಇಲ್ಲ. ಹತ್ತು ದಿನ ನೀರು ಬಿಟ್ಟು ಮಣ್ಣು ಆರಿಸ್ಬೇಕು."

ನಿಂಗಯ್ಯ ಹೂಂ ಎಂದ. ಆ ಹೂಂಗೆ ಎಷ್ಟು ಬೆಲೆ ಎಂದು ಅವಳಿಗೆ ಗೊತ್ತಿದ್ದರೂ, ಆ ಹೊತ್ತಿಗೆ ಅಷ್ಟೇ ಸಾಕಾಯಿತು.

ಹುಬ್ಬೆಯಲ್ಲಿ ಮಳೆ ಹೊಳವಾಗಿ ಬಿಸಿಲು ಬಿದ್ದದ್ದೇ ಸಿದ್ದಮ್ಮ ಗುದ್ದಲಿ ತಗೊಂಡು, ಒರತೆಯ ನೀರು ಬರುವ ಮೇಲಿನ ಕಂಡಿ ಕಟ್ಟಿ, ಕೆಳಗಿನ ಮೂಲೆಯಲ್ಲಿ ಮೊಳದಗಲ ಕಂಡಿ ಕಡಿದಳು. ನೀರು ಪಕ್ಕದ ಹಳ್ಳಕ್ಕೆ ಧುಮುಕಿತು. ಅವಳು ನೆಮ್ಮದಿಯಾಗಿ ಮನೆಗೆ ಹೋಗಿ ಗಂಜಿ ಕುಡಿದು ಬರುವಷ್ಟರಲ್ಲಿ ಕಂಡಿ ಮುಚ್ಚಿತ್ತು. ಚೆನ್ನಾಗಿ ಮೆಟ್ಟಿ ಮುಚ್ಚಿತ್ತು.

ಅವರ ಗದ್ದೆಯ ಅಂಚೇ ಎಸ್ಟೇಟಿಗೆ ಹೋಗುವ ಕಾಲುದಾರಿ. ದಿನಕ್ಕೆ ಮೂವತ್ತು ನಲವತ್ತು ಜನ ಅಲ್ಲಿ ಓಡಾಡುತ್ತಿದ್ದರು. ಸಿದ್ದಮ್ಮ ಮತ್ತೆ ಕಡಿದಳು, ಮಧ್ಯಾಹ್ನ ಮುಚ್ಚಿತ್ತು. ಮಧ್ಯಾಹ್ನ ಕಡಿದದ್ದು ಸಂಜೆಗೆ ಮುಚ್ಚಿತ್ತು. ಮಾರನೇ ದಿನ ದಾರಿಯಲ್ಲೇ ನಿಂತು ಎಲ್ಲರಿಗೂ ಹೇಳಿದಳು: ಇದು ಬಿದ್ದ ಕಂಡಿ ಅಲ್ಲ, ನಾನು ಬೇಕೆಂದೇ ಬಿಟ್ಟದ್ದು. ಕೆಲಸಕ್ಕೆ ಹೋಗುತ್ತಿದ್ದ, ಕೆಳಗಿನ ಗದ್ದೆಗಳ ಹುಚ್ಚಮ್ಮ, ರಾಮಮ್ಮ ಇಬ್ಬರೂ ಆಗಲಿ ಎಂದು ತಲೆಯಾಡಿಸಿದರು. ಸಂಜೆ ಎಸ್ಟೇಟಿನಿಂದ ವಾಪಸು ಬರುತ್ತಾ ಮಾತಿನ ಭರದಲ್ಲಿ ಅವರಿಬ್ಬರೇ ಮುಚ್ಚಿದರು. ಕೇಳಿದರೆ, ಅಯ್ಯೋ ಕಾಲು ತಾನಾಗೇ ಹೋಯಿತು ಮಾರಾಯ್ತಿ ಎಂದರು. ಒಣಮೀನು ಮಾರುವ ಅಹಮದ್ ಅಂತೂ ರಸ್ತೆಯಲ್ಲಿ ಸೈಕಲ್ ನಿಲ್ಲಿಸಿ, ಇಳಿಜಾರು ಇಳಿದು ಬಂದು, ಮುಚ್ಚಿ, ಮತ್ತೆ ಹತ್ತಿ ಹೋಗಿದ್ದ. ನಿಮ್ಮ ನೀರು ಪೂರಾ ಹೋಗ್ತಿತ್ತು ಸಿದ್ದಮ್ಮ, ಪುಣ್ಯಕ್ಕೆ ನಾನು ನೋಡಿದೆ ಎಂದು ಖುಷಿಯಿಂದ ಹೇಳಿದ.

ಮೂರನೇ ದಿನ ಅವಳು ಕಂಡಿಗೆ ಮುಳ್ಳು ಅಡ್ಡ ಇಟ್ಟಳು. ಯಾರೋ ಮುಳ್ಳು ತೆಗೆದು, ಕಂಡಿ ಮುಚ್ಚಿ, ಮುಳ್ಳನ್ನು ಅದರ ಮೇಲೆ ನೀಟಾಗಿ ಜೋಡಿಸಿ ಹೋದರು. ನಾಲ್ಕನೇ ದಿನ ಮುಚ್ಚಿದ್ದು ನಿಂಗಯ್ಯ. ಸೌದೆ ಹೊತ್ತು ಬರುತ್ತಿದ್ದವನು ಹೊರೆ ಇಳಿಸಿ ಮುಚ್ಚಿದ್ದ.

ಸಿದ್ದಮ್ಮ ಹಣೆ ಹಣೆ ಬಡಿದುಕೊಂಡಳು. ಮಳೆ ಯಾವಾಗ ಬೇಕಾದರೂ ಮತ್ತೆ ಹಿಡಿಯಬಹುದು. ತೆಂಡೆ ಒಡೆಯುವ ಕಾಲ ಕಳೆದರೆ ಆಮೇಲೆ ಏನು ಮಾಡಿದರೂ ಅಷ್ಟೇ. ಈ ಜನರಲ್ಲಿ ಒಬ್ಬನಾದರೂ ಕೆಟ್ಟವನಾಗಿದ್ದರೆ ಜುಟ್ಟು ಹಿಡಿದು ಜಗಳ ಆಡಬಹುದಿತ್ತು. ಉಪಕಾರ ಮಾಡುವವರ ಜೊತೆ ಜಗಳ ಆಡುವುದು ಹೇಗೆ? ಐದನೇ ದಿನ ಅವಳು ಕಂಬಳಿ ಹೊದ್ದು ಕಂಡಿಯ ಪಕ್ಕದಲ್ಲೇ ಕೂತಳು. ಮಧ್ಯಾಹ್ನ ಒಲೆಯ ಮೇಲಿನ ಅನ್ನ ಇಳಿಸಿ ಬರಲು ಎದ್ದು ಹೋಗಿದ್ದಷ್ಟೇ. ಬಂದು ನೋಡಿದರೆ ಬೊಮ್ಮಯ್ಯ ಕಂಡಿಯ ಮೇಲೆ ನಿಂತು ಎರಡೂ ಕಾಲಲ್ಲಿ ಮೆಟ್ಟುತ್ತಿದ್ದ.

ಐದು ದಿನದ ಸಿಟ್ಟು ಒಟ್ಟಿಗೆ ಬಂತು.

"ಬೇಕಂತ್ಲೇ ಮುಚ್ತಾ ಇದ್ದೀರಿ ಅಲ್ವಾ ಬೊಮ್ಮಯ್ಯಣ್ಣ? ನಾವು ಸೋತು ಲೈನಿಗೆ ಹೋಗ್ಲಿ, ಈ ಗದ್ದೆ ನಿಮ್ಮದರ ಜೊತೆ ಸೇರಿಸ್ಕೊಳ್ಳಾಣ ಅಂತ ತಾನೆ?"

ದಾರಿಯಲ್ಲಿ ಹೋಗುತ್ತಿದ್ದ ನಾಲ್ಕು ಜನ ನಿಂತರು. ಬೊಮ್ಮಯ್ಯ ಕಂಡಿಯಿಂದ ಇಳಿದು, ಬಗ್ಗಿ, ತಾನು ಹಾಕಿದ ಮಣ್ಣನ್ನು ಎರಡೂ ಕೈಯಿಂದ ಬಾಚಿ ತೆಗೆದ. ನೀರು ಸರಿಯಾಗಿ ಹರಿಯುವ ತನಕ ನೋಡಿ, ಹಳ್ಳದಲ್ಲಿ ಕೈ ತೊಳೆದುಕೊಂಡು ಹೋದ. ಸಿದ್ದಮ್ಮನಿಗೆ ಆಡಬಾರದ್ದನ್ನು ಆಡಿದೆ ಎಂದು ಆ ಗಳಿಗೆಯಲ್ಲೇ ಅನ್ನಿಸಿತು. ನಾಚಿಕೆಯೂ ಆಯಿತು. ಆದರೆ ಹಿಂದೆ ಹೋಗಿ ತಪ್ಪಾಯಿತು ಎನ್ನಲು ಕಾಲು ಏಳಲಿಲ್ಲ, ನೀರು ಬೇರೆ ಚೆನ್ನಾಗಿ ಹೋಗುತ್ತಿತ್ತು.

ಆ ದಿನದಿಂದ ಕಂಡಿಗೆ ಯಾರೂ ಕಾಲಿಡಲಿಲ್ಲ. ದಾಟುವಾಗ ಉದ್ದ ಹೆಜ್ಜೆ ಹಾಕಿ ದಾಟುತ್ತಿದ್ದರು. ಒಂದು ವಾರದಲ್ಲಿ ಗದ್ದೆಯ ನೀರೆಲ್ಲ ಬಸಿಯಿತು. ಕೆಂಪು ಪೊರೆ ಮಣ್ಣಿನ ಮೇಲೆ ಕೂತು ಒಣಗಿತು. ಹತ್ತನೇ ದಿನಕ್ಕೆ ಕೂದಲೆಳೆಯಷ್ಟು ಸಣ್ಣ ಬಿರುಕು ಕಾಣಿಸಿಕೊಂಡಿತು. ಮಣ್ಣಿನೊಳಗೆ ಬೆರಳು ತೂರಿಸಿದರೆ ತಂಪಿತ್ತು, ಆದರೆ ನೀರಿರಲಿಲ್ಲ. ಅವಳು ಒಂದು ಬುಡ ಕಿತ್ತು ನೋಡಿದಳು: ಕಪ್ಪು ಬೇರಿನ ನಡುವಿನಿಂದ ಬೆಳ್ಳನೆಯ ಹೊಸ ಬೇರು ಕೆಳಕ್ಕೆ ಇಳಿಯುತ್ತಿತ್ತು. ಆ ದಿನ ಸಿದ್ದಮ್ಮ ತಾನೇ ಕೆಳಗಿನ ಕಂಡಿ ಮುಚ್ಚಿ, ಮೇಲಿನದ್ದನ್ನು ಬಿಟ್ಟಳು.

ಆಮೇಲಿನ ಮೂರು ವಾರದಲ್ಲಿ ಪೈರು ಎದ್ದ ರೀತಿಗೆ ದಾರಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಎರಡು ತೆಂಡೆ ಇದ್ದ ಬುಡದಲ್ಲಿ ಹತ್ತು ಹನ್ನೊಂದು. ಹಳದಿ ಹೋಗಿ ಕಡುಹಸಿರು. ಸಿದ್ದಮ್ಮನ ಬಾಯಿಗೆ ಬೀಗ ಇರಲಿಲ್ಲ. ನಿಂತವರನ್ನೆಲ್ಲ ಹಿಡಿದು ಪಾಠ ಮಾಡಿದಳು: ನೀರು ಬಿಟ್ಟರೇ ಪೈರು, ಬೇರಿಗೆ ಗಾಳಿ ಬೇಕು, ಹಳಬರು ಅರವತ್ತು ವರ್ಷ ಮಾಡಿದ್ದೇ ತಪ್ಪು. ಬೊಮ್ಮಯ್ಯ ತನ್ನ ಗದ್ದೆಯಲ್ಲಿ ಬಗ್ಗಿ ಏನೋ ಮಾಡುತ್ತಿದ್ದರೂ ಅವನಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳುತ್ತಿದ್ದಳು. ಅವನು ತಲೆ ಎತ್ತುತ್ತಿರಲಿಲ್ಲ. ಕಂಡಿ ಬಿಡುವುದು ಹೇಗೆಂದು ಊರಿಗೆಲ್ಲ ಕಲಿಸಿದ ಅವಳು, ಮುಚ್ಚುವುದು ಯಾವಾಗ ಎಂದು ಒಬ್ಬರಿಗೂ ಹೇಳಲಿಲ್ಲ. ಮುಚ್ಚುವುದನ್ನು ಈ ಜನಕ್ಕೆ ಯಾರಾದರೂ ಹೇಳಿಕೊಡಬೇಕೇ?

ದೀಪಾವಳಿ ಕಳೆಯಿತು. ಸ್ವಾತಿ ಮಳೆ ಬಂದಂತೆ ಮಾಡಿ ಹೋಯಿತು. ಪೈರು ತೆನೆ ಹಾಯ್ದು ಹೂ ಬಿಟ್ಟು, ಕಾಳಿಗೆ ಹಾಲು ತುಂಬುವ ಹೊತ್ತು. ಈಗ ಬುಡದಲ್ಲಿ ನೀರು ಇರಲೇಬೇಕು. ಈಗ ಮಣ್ಣು ಒಣಗಿದರೆ ತೆನೆ ನೆಟ್ಟಗೆ ನಿಂತು ಗಾಳಿಗೆ ಅಲ್ಲಾಡುತ್ತದೆ ಅಷ್ಟೇ, ಒಳಗೆ ಅಕ್ಕಿ ಇರುವುದಿಲ್ಲ. ಗದ್ದೆಯ ತುಂಬ ನಾಲ್ಕು ಬೆರಳು ನೀರು ನಿಲ್ಲಿಸಿ, ಅಂಚೆಲ್ಲ ಮೆಟ್ಟಿ, ಸಿದ್ದಮ್ಮ ತಂಗಿಯ ಹೆರಿಗೆಗೆ ಕಳಸಕ್ಕೆ ಹೋದಳು. ಹೆಣ್ಣು ಮಗು ಹುಟ್ಟಿತು. ಐದು ದಿನ ಇದ್ದು, ಆರನೇ ದಿನ ಬೆಳಿಗ್ಗೆ ಜೀಪು ಹತ್ತಿ, ಕೊಟ್ಟಿಗೆಹಾರದಲ್ಲಿ ಇಳಿದು ಬಸ್ಸು ಹಿಡಿದು, ಬಿಸಿಲೇರುವ ಹೊತ್ತಿಗೆ ಜಾವಳಿಗೆ ಬಂದಳು.

ಅಂಚಿನ ಮೇಲೆ ಬರುತ್ತಿದ್ದ ಹಾಗೆಯೇ ಕಂಡಿತು: ಗದ್ದೆಯಲ್ಲಿ ನೀರಿರಲಿಲ್ಲ. ಕೆಳಗಿನ ಮೂಲೆಯಲ್ಲಿ ಏಡಿ ಕೊರೆದ ಬಿಲ ಕುಸಿದು ಎರಡು ಮೊಳದ ಕಂಡಿಯಾಗಿತ್ತು. ಮೇಲಿನ ಕಂಡಿಯಿಂದ ಬರುವ ಒರತೆಯ ನೀರು ಸಣ್ಣಗೆ ಅಂಚಿನ ಪಕ್ಕದಲ್ಲೇ ಹರಿದು ಅದರಿಂದ ಹೊರಗೆ ಹೋಗುತ್ತಿತ್ತು. ಕುಸಿದು ನಾಲ್ಕು ದಿನವಾದರೂ ಆಗಿರಬೇಕು. ಕಂಡಿಯ ಆಚೀಚೆ ದಾರಿಯಲ್ಲಿ ಹೆಜ್ಜೆ ಗುರುತುಗಳು ಬೇಕಾದಷ್ಟಿದ್ದವು. ಎಲ್ಲವೂ ಕಂಡಿಯನ್ನು ದಾಟಿ ಹೋಗಿದ್ದವು.

ನಿಂಗಯ್ಯ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಸಿದ್ದಮ್ಮ ಕೈಯಲ್ಲಿದ್ದ ಬಟ್ಟೆಗಂಟು ಅಲ್ಲೇ ಬಿಸಾಡಿ, ಕಂಡಿ ಬಿದ್ದದ್ದು ನೋಡಲಿಲ್ಲವೇ ಎಂದು ಕೇಳಿದಳು. ನೋಡಿದೆ ಎಂದ. ಯಾವಾಗ? ಭಾನುವಾರವೇ. ಮತ್ತೆ ಯಾಕೆ ಮುಚ್ಚಲಿಲ್ಲ?

"ನೀನೇ ಬಿಟ್ಟು ಹೋಗಿದ್ದೀಯ ಅಂತ ಮಾಡ್ದೆ. ನಿಂಗೆ ಗೊತ್ತಿರುತ್ತಲ್ಲ."

 ಇಪ್ಪತ್ತು ವರ್ಷದಲ್ಲಿ ಈ ಮನುಷ್ಯ ಹೆಂಡತಿಯ ಮಾತನ್ನು ನಂಬಿದ್ದು ಇದೊಂದೇ ಸಲ, ಅದಕ್ಕೂ ಇದೇ ವಾರ ಸಿಗಬೇಕಿತ್ತೇ? ಅವಳು ದಡದಡ ಕೆಳಗಿಳಿದು ಗದ್ದೆಯ ಮಣ್ಣಿಗೆ ಬೆರಳು ಚುಚ್ಚಿದಳು. ಮೇಲೆ ಗಟ್ಟಿಯಾಗಿತ್ತು. ಎರಡನೇ ಗೆಣ್ಣಿನ ಹತ್ತಿರ ತಂಪು ಸಿಕ್ಕಿತು. ಎಲೆ ಇನ್ನೂ ಸುರುಳಿ ಸುತ್ತಿರಲಿಲ್ಲ. ಹುಬ್ಬೆಯಲ್ಲಿ ಕೆಳಕ್ಕೆ ಇಳಿದಿದ್ದ ಬೇರು ಈಗ ಕೆಳಗಿನ ತೇವ ಹಿಡಿದುಕೊಂಡಿತ್ತು. ಇವತ್ತೇ ಕೆಳಗಿನ ಕಂಡಿ ಮುಚ್ಚಿ, ಮೇಲಿನಿಂದ ಬರುವ ಒರತೆಯ ನೀರು ನಿಲ್ಲಿಸಿದರೆ ಬಚಾವು. ನಾಳೆ ಎಂದರೆ ಹೇಳುವ ಹಾಗಿರಲಿಲ್ಲ.

ಬೊಮ್ಮಯ್ಯ ಅಂಚಿನ ಮೇಲೆ ನಿಂತು ಅವಳನ್ನೇ ನೋಡುತ್ತಿದ್ದ. ಸಿದ್ದಮ್ಮನಿಗೆ ತಡೆಯಲಾಗಲಿಲ್ಲ. ಇಷ್ಟು ಜನ ಓಡಾಡುತ್ತೀರಿ, ಒಬ್ಬರಿಗಾದರೂ ಒಂದು ಹೆಂಟೆ ಮಣ್ಣು ಹಾಕಬೇಕು ಅನ್ನಿಸಲಿಲ್ಲವೇ, ನನ್ನ ಮೇಲಿನ ಸಿಟ್ಟು ಪೈರಿನ ಮೇಲೆ ತೀರಿಸಿಕೊಂಡಿರಾ ಎಂದಳು. ಬೊಮ್ಮಯ್ಯನ ಮುಖದಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು.

"ಸಿಟ್ಟು ಎಂಥದ್ದು ಸಿದ್ದಮ್ಮ? ಹಾಲು ತುಂಬೋವಾಗ ನೀರು ಬಿಡ್ತಾರಾ ಅಂತ ನಂಗೂ ಅನ್ನಿಸ್ತು. ಆದ್ರೆ ನಿನ್ನ ಗದ್ದೆ ನೋಡಿದ್ಮೇಲೆ ನನ್ನ ಬುದ್ಧಿ ಮೇಲೇ ನಂಬಿಕೆ ಹೋಯ್ತು. ನೀನು ಬಿಟ್ಟಿದ್ದು ನೋಡಿ ಮೊನ್ನೆ ನಾನೂ ಬಿಟ್ಟೆ."

ಸಿದ್ದಮ್ಮ ಅವನ ಗದ್ದೆಯ ಕಡೆ ತಿರುಗಿದಳು. ಬೊಮ್ಮಯ್ಯನ ಅಂಚಿನಲ್ಲಿ ಅಳತೆ ಇಟ್ಟಂತೆ ಮೊಳದಗಲ ಕಂಡಿ. ಅದರ ಕೆಳಗೆ ಹುಚ್ಚಮ್ಮನವರದ್ದೂ ಬಿಟ್ಟಿತ್ತು, ಅದರ ಕೆಳಗೆ ರಾಮಮ್ಮನವರದ್ದೂ. ಯಾವಾಗಲೂ ನೀರಲ್ಲೇ ನಿಂತು ಅಭ್ಯಾಸವಾದ ಪೈರುಗಳು. ಅವುಗಳ ಬೇರೆಲ್ಲ ಮೇಲೇ ಇತ್ತು. ಬೊಮ್ಮಯ್ಯನ ಪೈರಿನ ಎಲೆ ಆಗಲೇ ಬಿಸಿಲಿಗೆ ಸುರುಳಿ ಸುತ್ತತೊಡಗಿತ್ತು. ಬಯಲಿಗೆ ಬಯಲೇ ಅವಳ ಮಾತು ಕೇಳಿ ಕೂತಿತ್ತು. ಅವಳಿಗೆ ಅಳು ಬಂತು, ಅಳುವುದಕ್ಕೂ ಪುರುಸೊತ್ತಿಲ್ಲವಲ್ಲ ಎಂದು ಸಿಟ್ಟೂ ಬಂತು.

"ನಮ್ಮ ಕಂಡಿ ಮುಚ್ಚಿ" ಎಂದು ಮನೆಯ ಕಡೆ ಒಂದು ಕೂಗು ಹಾಕಿ, ಅವಳು ಬೊಮ್ಮಯ್ಯನ ಗದ್ದೆಯ ಅಂಚಿಗೆ ಓಡಿದಳು. ಕಳಸಕ್ಕೆಂದು ಉಟ್ಟಿದ್ದ ಒಳ್ಳೆಯ ಸೀರೆ. ಅದನ್ನು ಎತ್ತಿ ಕಟ್ಟಿ, ಕೈಯಲ್ಲೇ ಮಣ್ಣು ಕಿತ್ತು ಕಂಡಿಗೆ ತುಂಬಿ ಮೆಟ್ಟಿದಳು. ಬೊಮ್ಮಯ್ಯ ಬಂದು ಪಕ್ಕದಲ್ಲಿ ನಿಂತ. ಬೊಮ್ಮಯ್ಯಣ್ಣ, ಆವತ್ತು ನಾನು ಆಡಿದ್ದು ತಪ್ಪಾಯಿತು ಎಂದು ಅವಳು ಮೆಟ್ಟುತ್ತಲೇ ಹೇಳಿದಳು. ಅದಿರಲಿ, ಎಡಗಡೆ ಇನ್ನೂ ಸೋರುತ್ತಿದೆ ನೋಡು ಎಂದು ಅವನೂ ಕಾಲಿಟ್ಟ. ಅಲ್ಲಿಂದ ಹುಚ್ಚಮ್ಮನವರ ಗದ್ದೆಗೆ ಇಬ್ಬರೂ ಹೋದರು.

ಚೌಡಯ್ಯ ಮೇಸ್ತ್ರಿ ಬಂದದ್ದು ಆಗ. ನಾಳೆಯಿಂದ ಹಣ್ಣು ಕುಯ್ಲು. ಕೋಣೆಯ ಬೀಗದ ಕೈ ಅವನ ಕೈಯಲ್ಲೇ ಇತ್ತು. ನಿಂಗಯ್ಯ ಮನೆಯಿಂದ ಇಳಿದು ಬಂದವನು ಮೇಲಿನ ಅಂಚಿನಲ್ಲಿ ನಿಂತು ಗುದ್ದಲಿಯಿಂದ ಮಣ್ಣು ಎಳೆದೆಳೆದು ಮುಚ್ಚುತ್ತಿದ್ದ. ಏನು ತೀರ್ಮಾನ ಮಾಡಿದೆ ನಿಂಗಯ್ಯ, ಗದ್ದೆಯೂ ಒಣಗಿದ ಹಾಗೆ ಕಾಣುತ್ತದೆ ಎಂದು ಚೌಡಯ್ಯ ಕೇಳಿದ್ದು ಕೆಳಗಿದ್ದ ಸಿದ್ದಮ್ಮನಿಗೂ ಕೇಳಿಸಿತು. ಅವಳು ಮಣ್ಣು ಕೈಯಲ್ಲಿ ಹಿಡಿದುಕೊಂಡೇ ನೆಟ್ಟಗಾದಳು. ಹೂಂ ಎನ್ನುತ್ತಾನೆ, ಇನ್ನೇನು ಹೂಂ ಎಂದ ಎಂದುಕೊಂಡಳು. ನಿಂಗಯ್ಯ ಗುದ್ದಲಿ ನಿಲ್ಲಿಸಲಿಲ್ಲ.

"ಇಲ್ಲ ಮೇಸ್ತ್ರಿ, ನಾನು ಬರಲ್ಲ. ಪೈರು ಹಾಲು ತುಂಬ್ತಾ ಇದೆ. ಅವಳು ಉಳಿಯುತ್ತೆ ಅಂದಿದ್ದಾಳೆ."

ಚೌಡಯ್ಯ, ಸರಿ ಮಾರಾಯ ಎಂದು ಬೀಗದ ಕೈ ಜೇಬಿಗೆ ಹಾಕಿಕೊಂಡು ಎಸ್ಟೇಟಿನ ದಾರಿ ಹಿಡಿದ. ನಿಂಗಯ್ಯ ಬೆವರು ಒರೆಸಿಕೊಂಡು, ತಾನು ಮುಚ್ಚಿದ್ದರ ಮೇಲೆ ಹತ್ತಿ ನಿಂತು, ಎರಡೂ ಕಾಲಲ್ಲಿ ಗಟ್ಟಿಯಾಗಿ ಮೆಟ್ಟಿದ. ಅದು ಕೆಳಗೆ ಕುಸಿದ ಕಂಡಿಯಲ್ಲ, ಒರತೆಯ ನೀರು ಒಳಗೆ ಬರುವ ಕಂಡಿ ಎನ್ನುವುದು ಸಿದ್ದಮ್ಮನಿಗೆ ಮೊದಲ ಗುದ್ದಲಿಗೇ ಕಂಡಿತ್ತು. ಮೇಸ್ತ್ರಿ ತಿರುವು ದಾಟಿ ಮರೆಯಾಗುವ ತನಕ ಅವಳು ಬಾಯಿ ಬಿಡಲಿಲ್ಲ.